ಒಂದು ಗೇಣು ಕಿಟಕಿ

ನಮ್ಮ ಊರಿನಲ್ಲಿ ಮನೆಯ ಅಂತಸ್ತನ್ನು ಮೆಟ್ಟಿಲಲ್ಲಿ ಹೇಳುತ್ತಾರೆ. ಹತ್ತುವ ಮೆಟ್ಟಿಲಲ್ಲ, ಇಳಿಯುವ ಮೆಟ್ಟಿಲು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ "ನಿಮ್ಮದು ಎಷ್ಟು ಮೆಟ್ಟಿಲು?" ಎಂದು. ಹುಡುಗಿಯ ಹೆಸರು ಆಮೇಲೆ. ಹದಿನೈದರ ಮೇಲಿದ್ದರೆ ಕೂತು ಕಾಫಿ ಕುಡಿಯುತ್ತಾರೆ, ಐದರ ಒಳಗಿದ್ದರೆ ಬಂದ ಬಸ್ಸಿನಲ್ಲೇ ಹಿಂತಿರುಗುತ್ತಾರೆ. ನನ್ನ ಮದುವೆಯ ಹೊತ್ತಿಗೆ ನನ್ನ ತಾಯಿಯ ಮನೆಗೆ ಇದ್ದದ್ದು ಮೂರೇ ಮೆಟ್ಟಿಲು. ಗಂಡನ ಕಡೆಯವರು ಅದನ್ನು ಇವತ್ತಿಗೂ ಮರೆತಿಲ್ಲ, ನನಗೆ ಮರೆಯಲೂ ಬಿಟ್ಟಿಲ್ಲ.

ಇಳಿಯುವುದು ಕ್ರಿಸ್ಮಸ್ಸಿಗೆ. ನವೆಂಬರಿನ ಕೊನೆಯ ಆದಿತ್ಯವಾರದಿಂದ ಜನವರಿಯ ಮೂರು ರಾಯರ, ಎಂದರೆ ಬಾಲಯೇಸುವನ್ನು ಕಾಣಲು ಬಂದ ಅರಸರ, ಹಬ್ಬದ ತನಕ, ಹಬ್ಬಕ್ಕೆಂದು ಹೊಸ್ತಿಲು ದಾಟಿ ಬಂದ ಪ್ರತಿಯೊಂದು ಹೊಸ ವಸ್ತುವಿಗೂ ಮನೆ ಇಷ್ಟಿಷ್ಟು ನೆಲದೊಳಕ್ಕೆ ಹೋಗುತ್ತದೆ. ಅಂಗಿಗೆ ಬೆರಳಿನ ಕಾಲು ಭಾಗ, ಆಟದ ಕಾರಿಗೆ ಒಂದು ಬೆರಳು, ಫ್ರಿಜ್ಜಿಗೆ ಒಂದು ಗೇಣು. ತಿಂಡಿಯದ್ದು ಮಾತ್ರ ಬೇರೆ ಲೆಕ್ಕ. ತಂದಾಗ ಇಳಿದ ಮನೆ ತಿಂದು ಮುಗಿಸಿದಾಗ ಎದ್ದುಕೊಳ್ಳುತ್ತದೆ. ಉಳಿದದ್ದಕ್ಕೆ ಇಳಿದದ್ದು ಇಳಿದದ್ದೇ, ಆ ವಸ್ತುವನ್ನು ಹೊರಗೆಸೆದರೂ ಮನೆ ಏಳುವುದಿಲ್ಲ. ಬಾಗಿಲ ಮುಂದೆ ಮಣ್ಣು ಅಗೆದು ಮೆಟ್ಟಿಲು ಕಟ್ಟಿದರೆ ನಿಲ್ಲುತ್ತದೆ, ಕಿಟಕಿಯ ಮುಂದೆ ಅಗೆದರೆ ಬೆಳಗಾಗುವಾಗ ಮಣ್ಣು ಮೊದಲಿನಂತೆ ತುಂಬಿರುತ್ತದೆ. ಯಾಕೆ ಎಂದು ನಾವು ಯಾರೂ ಕೇಳಿದವರಲ್ಲ. ಕೇಳಲು ಪುರುಸೊತ್ತಾದರೂ ಎಲ್ಲಿ, ಡಿಸೆಂಬರ್ ಪೂರ್ತಿ ನಾವು ಪೇಟೆಯಲ್ಲಿರುತ್ತೇವೆ.

ನಮ್ಮ ಪಕ್ಕದ ಮನೆ ಕ್ಲೋಟಿಲ್ಡಾ ಬಾಯಿಯದು. ಬಾಯಿ ಎಂದರೆ ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಗೆ ಕರೆಯುವುದು. ಇಪ್ಪತ್ತೆರಡು ಮೆಟ್ಟಿಲು. ರಸ್ತೆಯಿಂದ ನೋಡಿದರೆ ಕಾಣುವುದು ಮಾಡಿನ ತುದಿ ಮಾತ್ರ, ಅದರ ಮೇಲೆ ನಮ್ಮ ಕೋಳಿಗಳು ಬಿಸಿಲು ಕಾಯುತ್ತವೆ. ಪೋಸ್ಟಿನವನು ಬಗ್ಗಿ ಹೆಂಚಿನ ಸಂದಿಯಲ್ಲಿ ಕಾಗದ ತೂರಿಸಿ ಹೋಗುತ್ತಾನೆ. ಒಳಗೆ ಹಗಲು ಹನ್ನೆರಡಕ್ಕೂ ಲೈಟು ಬೇಕು. ಆದರೆ ಬಾಯಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮನೆಗೆ ಹೊರಟರೆಂದರೆ ಮೆಟ್ಟಿಲಿಳಿಯುವ ಗತ್ತನ್ನು ನೋಡಬೇಕು, ಒಂದೊಂದು ಮೆಟ್ಟಿಲಲ್ಲೂ ನಿಂತು ಹಿಂತಿರುಗಿ ಯಾರು ನೋಡಿದರು ಎಂದು ನೋಡಿಕೊಳ್ಳುತ್ತಾರೆ. ಇಗರ್ಜಿಯನ್ನೂ ನಾವು ಬಿಟ್ಟವರಲ್ಲ. ವರ್ಷವರ್ಷವೂ ದಾನಿಗಳು ಕೊಟ್ಟ ಅಮೃತಶಿಲೆ, ದೀಪದ ಗೊಂಚಲು, ಹೊಸ ಬೆಂಚು ಎಲ್ಲ ಸೇರಿ ಗಂಟೆಗೋಪುರ ಎಷ್ಟು ಇಳಿದಿದೆಯೆಂದರೆ, ಈಗ ಗಂಟೆ ಬಡಿಯುವವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಡಿಯುತ್ತಾನೆ.

ನನ್ನ ಗಂಡ ಬಾಸಿಲ್ ಮೆಟ್ಟಿಲು ಕಟ್ಟುವ ಮೇಸ್ತ್ರಿ. ಊರು ಇಳಿದಷ್ಟೂ ನಮಗೆ ಅನ್ನ. ಹಾಗಿದ್ದೂ ನಮ್ಮದು ಒಂಬತ್ತೇ ಮೆಟ್ಟಿಲಿನ ಮನೆ, ಮತ್ತು ನಮ್ಮ ತಲೆನೋವು ಶುರುವಾದದ್ದು ಆ ಒಂಬತ್ತನೆಯದರಿಂದಲೇ. ಮಕ್ಕಳ ಕೋಣೆಗೆ ಇರುವುದು ಒಂದೇ ಕಿಟಕಿ. ಅದರಲ್ಲಿ ಮಣ್ಣಿನಿಂದ ಮೇಲೆ ಉಳಿದದ್ದು ಒಂದು ಗೇಣು. ಗಾಳಿ ಸ್ವಲ್ಪ ಹೆಚ್ಚು ಬರಲಿ ಎಂದು ಅದರ ಸರಳುಗಳನ್ನೂ ಕೀಳಿಸಿದ್ದೆವು. ಎಂಟು ವರ್ಷದ, ಕಡ್ಡಿಯಂತಿರುವ ಮಗಳು ಜೋವಿಟಾಳಿಗೆ ಹುಟ್ಟಿದಾಗಿನಿಂದ ಉಬ್ಬಸ. ಆ ಒಂದು ಗೇಣಿಗೆ ಮೂಗು ಕೊಟ್ಟು ಮಲಗಿದರೆ ಅವಳಿಗೆ ನಿದ್ದೆ ಬರುತ್ತದೆ, ಇಲ್ಲದಿದ್ದರೆ ಎದೆ ಕುಯ್‌ಗುಟ್ಟುತ್ತದೆ. ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನೋಡಿ ಸೆವ್ರಿನ್ ಬಾಯಿ, ಇನ್ನೊಂದು ಹಬ್ಬ ಹೋದ ವರ್ಷದ ಹಾಗೆ ಮಾಡಿದ್ರೆ ಆ ಕಿಟಕಿ ಹೋಯ್ತು. ಕಿಟಕಿ ಹೋದ್ರೆ ನನ್ನ ಹತ್ರ ಬರ್ಬೇಡಿ. ನನ್ನಲ್ಲಿ ಅದಕ್ಕೆ ಮದ್ದಿಲ್ಲ."

ಹೋದ ವರ್ಷ ನಾವು ತಂದದ್ದೇನು ಎಂದು ನೆನೆಸಿದರೆ ನನಗೆ ನಾಚಿಕೆಯಾಗುತ್ತದೆ. ಕೀಲಿ ಕೊಟ್ಟರೆ ಡೋಲು ಬಡಿಯುವ ಮಂಗ, ಮೂರು ಬಣ್ಣದಲ್ಲಿ ಮಿನುಗುವ ಪ್ಲಾಸ್ಟಿಕ್ ಮರ, ಹಾಡುವ ಸಾಂತಾ ತಾತ, ಗೋಡೆಗೆ ಅಂಟಿಸುವ ಹಿಮ. ನಮ್ಮ ಊರಿನಲ್ಲಿ ಡಿಸೆಂಬರಿನಲ್ಲೂ ಬನಿಯನ್ ಬೆವರಿನಲ್ಲಿ ಒದ್ದೆಯಾಗುತ್ತದೆ, ನಾವು ಗೋಡೆಗೆ ಹಿಮ ಅಂಟಿಸುತ್ತೇವೆ. ಮಂಗ ಹಬ್ಬದ ಮರುದಿನವೇ ಕೆಟ್ಟು ಕೂತಿತು. ಅದಕ್ಕಾಗಿ ಇಳಿದ ಎರಡು ಬೆರಳು ಹಾಗೇ ಉಳಿಯಿತು.

ಆದ್ದರಿಂದ ಈ ಸಲ ಹಬ್ಬ ಸರಳವಾಗಿ ಎಂದು ತೀರ್ಮಾನಿಸಿದೆ. ಬಾಸಿಲ್ ಒಪ್ಪಿದರು. ಐದು ವರ್ಷದ ಗುಂಡುಗುಂಡಗಿನ ಮಗ ಲಿಯಾಂಡರನಿಗೆ ಅರ್ಥವಾಗಲಿಲ್ಲ, ಜೋವಿಟಾಳಿಗೆ ಚೆನ್ನಾಗಿಯೇ ಅರ್ಥವಾಯಿತು. "ಕಿಟಕಿಗೋಸ್ಕರ ಅಲ್ವಾ ಮಮ್ಮಿ," ಎಂದು ಕೇಳಿ ತಲೆಯಾಡಿಸಿದಳು. ಎಷ್ಟು ಜಾಣ ಮಗು ಎಂದು ನಾನು ಹಿಗ್ಗಿದೆ. ಜಾಣ ಮಕ್ಕಳನ್ನು ಮರೆಯುವುದು ತಾಯಂದಿರಿಗೆ ಸುಲಭ.

ನಾನು ಹಿಡಿದ ಕೆಲಸವನ್ನು ಅರ್ಧದಲ್ಲಿ ಬಿಡುವವಳಲ್ಲ. ನವೆಂಬರಿನ ಆ ಕೊನೆಯ ಆದಿತ್ಯವಾರವೇ ಬಾಗಿಲಿಗೆ ಕುರ್ಚಿ ಹಾಕಿ ಕೂತೆ. ಕೆಲಸ ಮುಗಿಸಿ ಬಂದ ಬಾಸಿಲರ ಜೇಬು ತಡಕಿದೆ. ಲಿಯಾಂಡರನ ಬಾಯಿ ತೆರೆಸಿ ನೋಡಿದೆ, ಯಾರೋ ಕೊಟ್ಟ ಸೀಟಿ ಸಿಕ್ಕಿತು. ನಕ್ಷತ್ರ ಬೇಡ, ಬಲೂನು ಬೇಡ, ಬಣ್ಣದ ಕಾಗದವೂ ಬೇಡ. ಶಾಲೆಯಿಂದ ಬಂದ ಶುಭಾಶಯದ ಕಾರ್ಡನ್ನು ಮೆಟ್ಟಿಲಲ್ಲೇ ಓದಿಸಿ ಹಿಂದಕ್ಕೆ ಕಳಿಸಿದೆ. ದಿನಕ್ಕೆರಡು ಸಲ ಹೊರಗೆ ಹೋಗಿ ಕಿಟಕಿಯ ಮುಂದೆ ಮೊಣಕಾಲೂರಿ ಗೇಣು ಹಾಕಿ ನೋಡುತ್ತಿದ್ದೆ. ಕೂದಲೆಳೆಯಷ್ಟೂ ಇಳಿದಿರುತ್ತಿರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮೊದಲು ನಕ್ಕರು. ಆಮೇಲೆ ಇಗರ್ಜಿಯ ವಿಗಾರ್ ಫಾದರ್ ಆದಿತ್ಯವಾರದ ಪೂಜೆಯ ಪ್ರಸಂಗದಲ್ಲಿ ನನ್ನ ಹೆಸರೆತ್ತಿ ಸರಳತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮಾತಾಡಿದ್ದು ಆ ವಾರವಷ್ಟೇ ತರಿಸಿದ ಹೊಸ ಮೈಕಿನಲ್ಲಿ, ಅದಕ್ಕೆ ಇಗರ್ಜಿ ಎರಡು ಬೆರಳು ಇಳಿದಿತ್ತು. ಮರುವಾರ ಸ್ತ್ರೀ ಸಂಘದವರು ನನ್ನನ್ನು ಭಾಷಣಕ್ಕೆ ಕರೆದರು. ಮುತ್ತು ಸುರಿದ ಸೀರೆಗಳ ನಡುವೆ ನಾನೊಬ್ಬಳು ಹಳೆಯ ಹತ್ತಿ ಸೀರೆಯುಟ್ಟು ನಿಂತಿದ್ದೆ. ನಿಜ ಹೇಳಬೇಕೆಂದರೆ, ಪೆಟ್ಟಿಗೆಯಲ್ಲಿದ್ದ ಸೀರೆಗಳಲ್ಲಿ ಅತಿ ಹಳೆಯದು ಯಾವುದೆಂದು ಹುಡುಕಲು ಆ ಬೆಳಿಗ್ಗೆ ಒಂದು ಗಂಟೆ ಹಿಡಿದಿತ್ತು. ಚಪ್ಪಾಳೆಯ ರುಚಿ ಹತ್ತಿತು. ಅಂದಿನಿಂದ ಹೆಂಗಸರು ನಮ್ಮ ಒಂಬತ್ತು ಮೆಟ್ಟಿಲಿಳಿದು ಸಲಹೆ ಕೇಳಲು ಬರತೊಡಗಿದರು, ನಾನು ಕುರ್ಚಿಯಲ್ಲಿ ಕೂತೇ ಕೊಡುತ್ತಿದ್ದೆ. ಒಳಗೆ ಇಬ್ಬರು ಮಕ್ಕಳು ಇದ್ದಾರೆಂಬುದು ಮಾತಿನ ನಡುವೆ ಉದಾಹರಣೆ ಕೊಡಲು ಮಾತ್ರ ನೆನಪಾಗುತ್ತಿತ್ತು.

ಒಂದು ದಿನ ಜೋವಿಟಾ ಶಾಲೆಯಿಂದ ಬಂದವಳು ಚೀಲ ಇಳಿಸದೆ ನನ್ನೆದುರು ನಿಂತಳು. "ಟೀಚರ್ ಎಲ್ಲರ ಹತ್ರ ಕೇಳಿದ್ರು ಮಮ್ಮಿ, ಈ ವರ್ಷ ಮನೆ ಎಷ್ಟು ಇಳಿದಿದೆ ಅಂತ. ನಾನು ಸೊನ್ನೆ ಅಂತ ಹೇಳಿದೆ."

"ಭೇಷ್," ಎಂದೆ.

"ಎಲ್ಲರೂ ನಕ್ಕರು."

"ನಗ್ಲಿ. ಅವರ ಮನೆಯಲ್ಲಿ ಬೆಳಕುಂಟಾ? ಗಾಳಿಯುಂಟಾ?"

ಅವಳು ಚೀಲ ಇಳಿಸಿ, "ಇಲ್ಲ. ಆದ್ರೆ ಹಬ್ಬ ಉಂಟು," ಎಂದು ಒಳಗೆ ಹೋದಳು. ಆಗ ಯಾರೋ ಇಬ್ಬರು ಸಲಹೆಗೆ ಬಂದಿದ್ದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಸಿಲ್ ಹಾಕಿಕೊಂಡಿದ್ದರು. ಊಟಕ್ಕೆ ಕೂತಾಗ ಅದೇ ಮಾತು ತೆಗೆದರು. "ಅಲ್ಲ ಸೆವ್ರಿನ್, ಸರಳ ಅಂದ್ರೆ ಏನೂ ಇಲ್ಲ ಅಂತಲಾ? ಮಕ್ಕಳಿಗೆ ಎಂತಾದ್ರೂ ಒಂದು ಬೇಡ್ವಾ?"

"ಕಿಟಕಿ ಉಳಿಸ್ತಾ ಇದ್ದೇನಲ್ಲ. ಅದಕ್ಕಿಂತ ದೊಡ್ಡ ಉಡುಗೊರೆ ಬೇಕಾ?"

"ಗಾಳಿಯನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಡ್ಲಿಕ್ಕಾಗ್ತದಾ ಮಾರಾಯ್ತಿ?"

"ನೀವು ಮೆಟ್ಟಿಲು ಕಟ್ಟುವವರು. ನಿಮಗೆ ಊರು ಇಳೀಬೇಕು, ಹಾಗೆ ಮಾತಾಡ್ತೀರಿ," ಎಂದುಬಿಟ್ಟೆ. ಅವರು ಮೀನಿನ ಮುಳ್ಳು ಬಿಡಿಸುತ್ತ ಕೂತರು. ಗೆದ್ದೆ ಎಂದುಕೊಂಡೆ.

ಹಬ್ಬಕ್ಕೆ ಮೂರು ದಿನ ಇರುವಾಗ ಕ್ಲೋಟಿಲ್ಡಾ ಬಾಯಿ ಕುಸ್ವಾರಿನ, ಎಂದರೆ ಕ್ರಿಸ್ಮಸ್ಸಿನ ತಿಂಡಿಗಳ, ತಟ್ಟೆ ತಂದರು. ಹೂರಣ ತುಂಬಿ ಕರಿದ ನೆವ್ರಿ, ಚಕ್ಕುಲಿ, ಕಿಡಿಯೊ, ಗುಲಾಬಿ ಹೂವಿನ ತಿಂಡಿ, ಮೇಲೆ ಕಸೂತಿಯ ಬಟ್ಟೆ. ನಮ್ಮಲ್ಲಿ ಕುಸ್ವಾರಿನ ತಟ್ಟೆಯನ್ನು ಬೇಡ ಎಂದವರಿಲ್ಲ. ಜಗಳವಾಡಿ ಮಾತು ಬಿಟ್ಟವರೂ ತಟ್ಟೆ ಬಂದರೆ ತೆಗೆದುಕೊಂಡು, ತಮ್ಮ ಮನೆಯದ್ದನ್ನು ತುಂಬಿಸಿ ಹಿಂದೆ ಕೊಡುತ್ತಾರೆ. ಸಾಲದ್ದಕ್ಕೆ ಬಾಯಿ ಜೋವಿಟಾಳನ್ನು ಜ್ಞಾನಸ್ನಾನದ ದಿನ ಕೈಯಲ್ಲಿ ಎತ್ತಿಕೊಂಡವರು, ಅವಳಿಗೆ ಇನ್ನೊಬ್ಬ ತಾಯಿ. ತಿಂಡಿ ತಿಂದರೆ ಮನೆ ಏಳುತ್ತದೆಂದು ನನಗೂ ಗೊತ್ತಿತ್ತು. ಆದರೆ ಒಂದು ಚೂರು ಡಬ್ಬದ ಮೂಲೆಯಲ್ಲಿ ಉಳಿದುಬಿಟ್ಟರೆ? ಅದೂ ಅಲ್ಲದೆ ಆಗ ನನ್ನ ಬಳಿ ಸಲಹೆಗೆ ಬಂದ ಮೂವರು ಕೂತಿದ್ದರು. ಅವರೆದುರು ನಾನು ಕೈಮುಗಿದು ತಟ್ಟೆಯನ್ನು ಬಟ್ಟೆ ಸಹಿತ ಹಿಂದಕ್ಕೆ ಕೊಟ್ಟೆ.

ಬಾಯಿಯ ಮುಖ ಕೆಂಪಾಯಿತು. "ನನ್ನ ಕೈಯ ನೆವ್ರಿ ನಿನ್ನ ಮನೆಗೆ ಭಾರ ಆಯ್ತಾ?"

"ಹಾಗಲ್ಲ ಬಾಯಿ, ಈ ವರ್ಷ ನಮ್ಮಲ್ಲಿ ಸರಳ."

"ಸರಳ ಅಲ್ಲ ಮಗಳೇ ಇದು. ನಿಂಗೆ ಸೊಕ್ಕು," ಎಂದು ಅವರು ಒಂಬತ್ತು ಮೆಟ್ಟಿಲನ್ನೂ ಎಲ್ಲೂ ನಿಲ್ಲದೆ ಹತ್ತಿ ಹೋದರು. ಒಳಬಾಗಿಲ ಪರದೆಯ ಹಿಂದೆ ಜೋವಿಟಾ ನಿಂತಿದ್ದಳು. ತಟ್ಟೆ ಹೋಗುವುದನ್ನೇ ನೋಡುತ್ತಿದ್ದಳು.

ಹಬ್ಬದ ಹಿಂದಿನ ದಿನ, ಮಧ್ಯಾಹ್ನ. ನಾನು ಬಾಗಿಲಲ್ಲಿ ಕೂತು ಸ್ತ್ರೀ ಸಂಘದ ಕಾರ್ಯದರ್ಶಿಗೆ ಮಕ್ಕಳ ಮನಸ್ಸನ್ನು ಸಣ್ಣದಿರುವಾಗಲೇ ತಿದ್ದುವುದು ಹೇಗೆ ಎಂದು ವಿವರಿಸುತ್ತಿದ್ದೆ. ಲಿಯಾಂಡರ್ ಒಳಗಿನಿಂದ ಬಂದು ನನ್ನ ಸೆರಗು ಎಳೆದ. ಅವನ ಹಣೆ ತರಚಿತ್ತು.

"ಮಮ್ಮಿ, ನಂಗೆ ಕಿಟಕಿಯಲ್ಲಿ ದಾಟ್ಲಿಕ್ಕಾಗುದಿಲ್ಲ. ತಲೆ ದೊಡ್ಡ ಆಯ್ತು."

"ಕಿಟಕಿಯಲ್ಲಿ ಯಾಕೆ ದಾಟುದು?"

"ಅಕ್ಕ ದಾಟಿದಳಲ್ಲ. ಅಕ್ಕ ಹಬ್ಬಕ್ಕೆ ಹೋದಳು."

"ಎಲ್ಲಿಗೆ?"

"ಕ್ಲೋಟಿಲ್ಡಾ ಬಾಯಿಯ ಮನೆಗೆ."

ನಾನು ಓಡಿದೆ. ಕಾರ್ಯದರ್ಶಿಯ ಕಾಲು ತುಳಿದೇ ಓಡಿದೆನೆಂದು ಆಮೇಲೆ ಗೊತ್ತಾಯಿತು. ಆ ಇಪ್ಪತ್ತೆರಡು ಮೆಟ್ಟಿಲಿನ ಕೆಳಗೆ ಬಾಸಿಲ್ ಕೂತು ಇಪ್ಪತ್ತಮೂರನೆಯದಕ್ಕೆ ಸಿಮೆಂಟು ಹಾಕುತ್ತಿದ್ದರು, ಮನೆ ಬೆಳಿಗ್ಗೆಯಷ್ಟೇ ಇನ್ನೂ ಇಳಿದಿತ್ತು. ಮಗಳು ಹಿತ್ತಿಲ ಕಡೆ ಹೆಂಚು ತೆಗೆದ ಸಂದಿಗೆ ಇಳಿಬಿಟ್ಟ ಏಣಿಯಲ್ಲಿ ಒಳಗೆ ಹೋದದ್ದು ಅವರಿಗೆ ಕಂಡಿರಲಿಲ್ಲ. ಏನು ಎಂದು ಕೇಳುವಷ್ಟರಲ್ಲಿ ನಾನು ಹಸಿ ಸಿಮೆಂಟಿನಲ್ಲಿ ಕಾಲಿಟ್ಟು ಒಳಗೆ ನುಗ್ಗಿದ್ದೆ, ಅವರು ಕರಣೆ ಬಿಟ್ಟು ಹಿಂದೆಯೇ ಬಂದರು.

ಒಳಗೆ ನಡೆಯಲು ಜಾಗವಿರಲಿಲ್ಲ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಬಿಚ್ಚದ ಸೋಫಾ, ಮಿನುಗುವ ಎರಡು ಮರ, ಹೊಸ ಬಣ್ಣದ ವಾಸನೆ. ಬಾಯಿಯ ಮೂವರು ಮೊಮ್ಮಕ್ಕಳು ಮೂರು ಮೂಲೆಯಲ್ಲಿ ಒಂದೊಂದು ಹೊಸ ಆಟಿಕೆ ಹಿಡಿದು ಕೂತಿದ್ದರು, ನಮ್ಮ ಕಡೆ ಒಬ್ಬರೂ ತಲೆ ಎತ್ತಲಿಲ್ಲ. ಜೋವಿಟಾ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನು ಜೋಡಿಸಿದ ಗೋದಲಿಯ ಮುಂದೆ ನೆಲಕ್ಕೆ ಕೂತಿದ್ದಳು. ಭುಜ ಮೇಲೆ ಕೆಳಗೆ ಹೋಗುತ್ತಿತ್ತು, ತುಟಿ ನೀಲಿಯಾಗಿತ್ತು. ಕ್ಲೋಟಿಲ್ಡಾ ಬಾಯಿ ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ಗಾಳಿ ಹಾಕುತ್ತ ಅಳುತ್ತಿದ್ದರು. "ಹಬ್ಬ ನೋಡ್ಲಿಕ್ಕೆ ಬಂದೆ ಅಂತ ಹೇಳಿತು ಮಾರಾಯ್ತಿ ಮಗು. ಹೇಗೆ ಬೇಡ ಅನ್ನುದು? ನಾನು ನಿನ್ನ ಹಾಗಾ?"

ಬಾಸಿಲ್ ಸೋಫಾದ ಮೇಲೇ ಹತ್ತಿ ದಾಟಿ ಅವಳನ್ನು ಎತ್ತಿದರು. ನಾನು ದಾರಿಗಡ್ಡ ಇದ್ದ ಪೆಟ್ಟಿಗೆಗಳನ್ನು ಒದ್ದೆ. ಬಾಯಿಯೂ ಒದ್ದರು, ಒಂದರಲ್ಲಿ ಏನೋ ಗಾಜಿನದು ಒಡೆದರೂ ತಿರುಗಿ ನೋಡಲಿಲ್ಲ. ಬಾವಿಯಂಥ ಆ ಅರೆಗತ್ತಲಲ್ಲಿ ಒಂದು ಮೆಟ್ಟಿಲೂ ತಪ್ಪದೆ ಬಾಸಿಲ್ ಹತ್ತಿದರು, ಅವರೇ ಕಟ್ಟಿದ್ದಲ್ಲವೇ. ಮೇಲೆ ರಸ್ತೆಯಲ್ಲಿ ಕೂರಿಸಿ, ನಾನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಉಬ್ಬಸದ ಔಷಧದ ಪಂಪನ್ನು ನಾಲ್ಕು ಸಲ ಒತ್ತಿದ ಮೇಲೆ ಅವಳ ಎದೆ ಮೆಲ್ಲಗೆ ಸಡಿಲವಾಯಿತು. ತುಟಿಗೆ ಬಣ್ಣ ಬಂತು. ಕಿಟಕಿ ಕಾಯುತ್ತ ಕೂತು ಮಗಳನ್ನೇ ಕಳೆದುಕೊಳ್ಳುತ್ತಿದ್ದೆ. ಅದನ್ನು ಯಾವ ಭಾಷಣದಲ್ಲಿ ಹೇಳಲಿ?

ಅವಳನ್ನು ಎತ್ತಿಕೊಂಡು ನಮ್ಮ ಹೊಸ್ತಿಲು ದಾಟುವಾಗ ನೆಲ ಕಾಲಡಿಯಲ್ಲಿ ಮೆಲ್ಲಗೆ ಜಗ್ಗಿತು. ಇಪ್ಪತ್ತೈದು ದಿನ ಕದಲದ ಮನೆ ಇಳಿದಿತ್ತು. ಕಿಟಕಿಯ ಪಕ್ಕ ಮಲಗಿಸಿ ನೋಡಿದರೆ ಜೋವಿಟಾಳ ಮುಷ್ಟಿಯಲ್ಲಿ ಏನೋ ಇತ್ತು. ಬಿಡಿಸಿದೆ. ಹೆಬ್ಬೆರಳಷ್ಟು ದೊಡ್ಡ ಮಣ್ಣಿನ ಕುರಿಮರಿ, ಬಾಯಿ ತಮ್ಮ ಗೋದಲಿಯಿಂದ ತೆಗೆದು ಕೊಟ್ಟದ್ದು. ಎಸೆದರೂ ಮನೆ ಏಳುವುದಿಲ್ಲ ಎಂದು ಗೊತ್ತಿದ್ದೂ ನನ್ನ ಕೈ ಮುಂದೆ ಹೋಯಿತು. ಚಾಳಿ.

ಅವಳು ಮುಷ್ಟಿ ಮುಚ್ಚಿಕೊಂಡಳು. "ಇದಕ್ಕೆ ಎಷ್ಟು ಇಳೀತು ಮಮ್ಮಿ?"

"ಅರ್ಧ ಬೆರಳು."

"ಕಿಟಕಿ ನಂದಲ್ವಾ? ನನ್ನದ್ರಲ್ಲೇ ಕಳೀರಿ."

ನಾನು ಕೈ ಹಿಂದೆ ತೆಗೆದೆ. ಬಾಸಿಲ್ ಬಂದು ಅವಳ ಕೈಯಿಂದ ಕುರಿಮರಿಯನ್ನು ತೆಗೆದುಕೊಂಡು, ಕಿಟಕಿಯ ಅಂಚಿನಲ್ಲಿ ನಿಲ್ಲಿಸಿ, ಅವಳನ್ನು ನಗಿಸಲೆಂದು ಹುಬ್ಬು ಹಾರಿಸಿದರು. ನಮ್ಮ ಮನೆಯಲ್ಲಿ ಆ ವರ್ಷ ಗೋದಲಿ ಇರಲಿಲ್ಲ. ಹಳೆಯ ಗೊಂಬೆಗಳು ತೇವಕ್ಕೆ ಪುಡಿಯಾಗಿದ್ದವು, ಹೊಸದನ್ನು ತರಲು ನಾನು ಬಿಟ್ಟಿರಲಿಲ್ಲ. "ಇದೆಂತ, ಕುರಿಮರಿ ಒಂದೇ? ಮಾತೆ ಮರಿಯಮ್ಮ ಎಲ್ಲಿ? ಜೋಸೆಫರು ಎಲ್ಲಿ? ಬಾಲಯೇಸು ಎಲ್ಲಿ?"

"ಅವರು ಬಂದ್ರೆ ಮನೆ ಇಳೀತದೆ ಪಪ್ಪ," ಎಂದಳು ಜೋವಿಟಾ. "ಅವರು ಹೊರಗೇ ಇರ್ಲಿ. ಮಮ್ಮಿ ಬಾಗಿಲಲ್ಲಿ ಕೂತಿರ್ತಾರಲ್ಲ, ಒಳಗೆ ಬಿಡುದಿಲ್ಲ."

ಅವಳು ದೂರುವಂತೆ ಹೇಳಲಿಲ್ಲ. ನನ್ನ ಭಾಷಣವನ್ನು ಒಪ್ಪಿಸುವಂತೆ ಹೇಳಿದಳು, ಅಕ್ಷರ ತಪ್ಪದೆ. ಎರಡು ಸಾವಿರ ವರ್ಷದ ಹಿಂದೆ ಬಸುರಿ ಮರಿಯಮ್ಮನಿಗೆ ಜಾಗವಿಲ್ಲ ಎಂದು ಬಾಗಿಲು ಹಾಕಿಕೊಂಡವರನ್ನು ನಾವು ಪ್ರತಿ ಡಿಸೆಂಬರಿನಲ್ಲೂ ಬೈಯುತ್ತೇವೆ. ನಾನು ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಹಾಕಿ ಅತ್ತೆ.

ಆಮೇಲೆ ಮುಖ ತೊಳೆದು, ಬಾಸಿಲರನ್ನು ಅಂಗಡಿಗೆ ಕಳಿಸಿ ಮೈದಾ, ತೆಂಗಿನಕಾಯಿ, ಬೆಲ್ಲ ತರಿಸಿದೆ. ಅವು ಹೊಸ್ತಿಲು ದಾಟುವಾಗ ಮನೆ ಜಗ್ಗಿತು. ಇಬ್ಬರು ಮಕ್ಕಳನ್ನೂ ನೆಲದ ಮೇಲೆ ಕೂರಿಸಿಕೊಂಡು ಹಿಟ್ಟು ನಾದಿದೆ. ನೆವ್ರಿಯ ಹಾಳೆಯಲ್ಲಿ ಮರಿಯಮ್ಮನನ್ನು ಮಾಡಿದೆ, ಒಳಗೆ ಹೂರಣ ತುಂಬಿ. ಜೋಸೆಫರು ಎಣ್ಣೆಯಲ್ಲಿ ಹೊಟ್ಟೆ ಒಡೆದುಕೊಂಡರು. ಮೂರು ರಾಯರಲ್ಲಿ ಇಬ್ಬರಿಗೆ ಕಾಲಿರಲಿಲ್ಲ. ಲಿಯಾಂಡರ್ ಮಾಡಿದ ಒಂಟೆಗೆ ಕಾಲು ಆರು, ಕೇಳಿದರೆ ಅದು ದೂರದಿಂದ ನಡೆದು ಬಂದದ್ದು ಎಂದ. ಬಿಸಿ ಆರುವ ಮೊದಲೇ ಅದನ್ನು ತಿಂದ. ಜೋವಿಟಾ ಬಿದ್ದು ಬಿದ್ದು ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. ಅಷ್ಟರಲ್ಲಿ ಬಾಗಿಲಲ್ಲಿ ಕ್ಲೋಟಿಲ್ಡಾ ಬಾಯಿ ಕಂಡರು, ಮಗು ಹೇಗಿದೆ ಎಂದು ಕೇಳಲು ಬಂದವರು, ಹಿಂದೆ ಮೂವರು ಮೊಮ್ಮಕ್ಕಳು. ನಾನು ಕರೆಯುವ ಮೊದಲೇ ಆ ಮಕ್ಕಳು ಚಪ್ಪಲಿ ಬಿಟ್ಟು ಹಿಟ್ಟಿನ ಸುತ್ತ ಕೂತಿದ್ದರು. ಬಾಯಿ ನೆಲದ ಮೇಲೆ ಕೂರಲಾರದೆ ನನ್ನ ಕುರ್ಚಿಯನ್ನು ಬಾಗಿಲಿನಿಂದ ಒಳಗೆ ಎಳೆದುಕೊಂಡು, ನನ್ನ ನೆವ್ರಿಯ ಅಂಚು ಸರಿಯಿಲ್ಲ ಎಂದು ಬೈಯತೊಡಗಿದರು. ನಾನು ಅಂಚನ್ನು ಬಿಚ್ಚಿ ಮತ್ತೆ ಮಡಚಿದೆ.

ಬಾಲಯೇಸುವನ್ನು ಮಾಡಿದ್ದು ಜೋವಿಟಾ. ಕಡಲೆಕಾಯಿಯಷ್ಟಿದ್ದ, ಕಣ್ಣಿಗೆ ಎರಡು ಎಳ್ಳು. ಸಂಜೆಯೊಳಗೆ ರಾಯರೂ ಕುರುಬರೂ ಮಕ್ಕಳ ಹೊಟ್ಟೆ ಸೇರಿ ಮನೆ ಒಂದೊಂದೇ ಕೂದಲು ಏಳುತ್ತ ಬಂತು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಅವನೊಬ್ಬ. ಲಿಯಾಂಡರ್ ಕೈ ಹಾಕಿದಾಗ ಜೋವಿಟಾ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಇವನನ್ನು ತಿನ್ಲಿಕ್ಕಿಲ್ಲ," ಎಂದಳು. ಆಮೇಲೆ ನೆನಪಾದವಳಂತೆ ನನ್ನ ಕಡೆ ತಿರುಗಿದಳು. ಹೆದರಿದ್ದಳು. ಎಂಟು ವರ್ಷದ ಮಗು, ಹಬ್ಬದ ಹಿಂದಿನ ಸಂಜೆ, ನನಗೆ ಹೆದರಿದ್ದಳು. "ಇವನು ಉಳಿದ್ರೆ ಎಷ್ಟು ಇಳೀತದೆ ಮಮ್ಮಿ?"

"ಎಷ್ಟಾದ್ರೂ ಇಳೀಲಿ," ಎಂದೆ. "ಒಳಗೆ ಬಂದಾಯ್ತಲ್ಲ."